ಕೊರಿಯಾದಲ್ಲಿ ಹುಟ್ಟಿ ಡೆನ್ಮಾರ್ಕ್‌ಗೆ ದತ್ತು ಹೋದ ಜಾಝ್ ಪಿಯಾನೊ ವಾದಕಿ: ಅವರ ನುಡಿಸಾಣಿಕೆಯಲ್ಲಿ ನಾವು ಏನನ್ನು ಹುಡುಕುತ್ತಿದ್ದೇವೆ?

ಮಂದ್ರಸ್ಥಾಯಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಬರಹ ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ನಾನು ಕೆಲಸಕ್ಕೆಂದು ಕೋಪನ್‌ಹೇಗನ್‌ಗೆ ಬಂದು ನೆಲೆಸಿದವಳು. ಇಲ್ಲಿ ಒಬ್ಬರ ಹತ್ತಿರ ಜಾಝ್ ಪಿಯಾನೊ ಕಲಿಯುತ್ತಿದ್ದೇನೆ. ಅವರ ಬಗ್ಗೆ ಬರೆಯುತ್ತೇನೆ ಅಂದಾಗ ಒಪ್ಪಿದರು, ಹೆಸರು ಮಾತ್ರ ಬೇಡ ಅಂದರು. ಹಾಗಾಗಿ ಇಲ್ಲಿ ಬರೀ ಮೇಡಂ ಅಂತ ಕರೆಯುತ್ತೇನೆ.

ಮೇಡಂ ಹುಟ್ಟಿದ್ದು 1970ರ ದಶಕದ ದಕ್ಷಿಣ ಕೊರಿಯಾದಲ್ಲಿ. ಎರಡು ವರ್ಷ ತುಂಬುವ ಮೊದಲೇ ಡೆನ್ಮಾರ್ಕ್‌ಗೆ ದತ್ತು ಬಂದರು. ಬೆಳೆದದ್ದು ಜುಟ್‌ಲ್ಯಾಂಡ್‌ನ ಒಂದು ಸಣ್ಣ ಊರಲ್ಲಿ. ಅಮ್ಮ ಶಾಲಾ ಟೀಚರ್, ಅಪ್ಪ ಬಡಗಿ. ಈಗ ಅವರು ಜಾಝ್‌ನಲ್ಲಿ ಹೆಸರು ಮಾಡಿದವರು. ಸ್ವಂತ ಟ್ರಿಯೊ, ಅಂದರೆ ಮೂವರ ತಂಡ, ಇದೆ, ತಾವೇ ರಚಿಸಿದ ಸಂಗೀತ ಇದೆ, ಯುರೋಪಿನ ಹಲವು ಕಡೆ ನುಡಿಸಿದ್ದಾರೆ.

ನನಗೆ ಬೇಜಾರಾಗುವ ವಿಷಯ ಒಂದಿದೆ. ಯಾವ ಕಾರ್ಯಕ್ರಮದಲ್ಲಿ ಆಗಲಿ, ನಿರೂಪಕರು ಮೊದಲು ಹೇಳುವುದು ಕೊರಿಯಾದ ಮಾತು. ಕಾರ್ಯಕ್ರಮ ಮುಗಿದ ಮೇಲೆ ಯಾರೋ ಒಬ್ಬರು ಹತ್ತಿರ ಬರುತ್ತಾರೆ. ನಿಮ್ಮ ಎಡಗೈಯಲ್ಲಿ ಪೂರ್ವದೇಶದ ದುಃಖ ಕೇಳಿಸಿತು ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಎಡಗೈ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಅದನ್ನು ಹೇಳಲೇಬೇಕು ಅನ್ನಿಸಿ ಬರೆಯಲು ಕೂತೆ.

ಡೆನ್ಮಾರ್ಕ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ಎಲ್ಲರೂ ಸೇರಿ ಹಾಡುವ ಪದ್ಧತಿ ಇದೆ. ಮೇಡಂ ಅವರ ಅಮ್ಮ ತಮ್ಮ ಶಾಲೆಯಲ್ಲಿ ಆ ಹಾಡುಗಳಿಗೆ ಪಿಯಾನೊ ನುಡಿಸುತ್ತಿದ್ದರು. ಮನೆಯಲ್ಲೂ ಗೋಡೆಗೆ ಒರಗಿಸಿದ ಹಳೆಯ ಪಿಯಾನೊ ಇತ್ತು. ಇಲ್ಲಿ ಪುರಸಭೆಗಳು ಸಂಗೀತ ಶಾಲೆ ನಡೆಸುತ್ತವೆ. ಶುಲ್ಕದ ದೊಡ್ಡ ಭಾಗವನ್ನು ಸರ್ಕಾರ, ಪುರಸಭೆ ಭರಿಸುತ್ತವೆ. ಬಡಗಿಯ ಮಗಳು ವರ್ಷಗಟ್ಟಲೆ ಪಾಠಕ್ಕೆ ಹೋಗಲು ಸಾಧ್ಯವಾದದ್ದು ಹೀಗೆ. ರಾತ್ರಿ ರೇಡಿಯೊದಲ್ಲಿ ಡೇನಿಶ್ ರೇಡಿಯೊ ಬಿಗ್ ಬ್ಯಾಂಡ್ ಬರುತ್ತಿತ್ತು. 1964ರಲ್ಲಿ ಶುರುವಾದ ದೊಡ್ಡ ಜಾಝ್ ತಂಡ ಅದು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಜಾಝ್ ಸಂಗೀತಗಾರ ಥ್ಯಾಡ್ ಜೋನ್ಸ್ ಅದನ್ನು ಮುನ್ನಡೆಸಿದ್ದರು. ಸಣ್ಣ ಊರಿನ ಹುಡುಗಿಗೆ ಜಾಝ್ ಕಿವಿಗೆ ಬಿದ್ದದ್ದು ಹಾಗೆ.

ಶಾಲೆ ಮುಗಿಸಿ ಕೋಪನ್‌ಹೇಗನ್‌ನ ರಿದಮಿಕ್ ಮ್ಯೂಸಿಕ್ ಕನ್ಸರ್ವೇಟರಿ ಸೇರಿದರು. ಜಾಝ್, ರಾಕ್, ಪಾಪ್ ಕಲಿಸುವುದಕ್ಕೆಂದೇ 1986ರಲ್ಲಿ ಆರಂಭವಾದ ಕಾಲೇಜು. ಆದರೆ ಅವರ ಪ್ರಕಾರ ನಿಜವಾದ ಪಾಠ ಆದದ್ದು ರಾತ್ರಿ ಹೊತ್ತು, ಕ್ಲಬ್ಬುಗಳಲ್ಲಿ.

ಈ ಊರಿನ ಇತಿಹಾಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 1959ರಲ್ಲಿ ಇಲ್ಲಿ ಮೊಂಮಾರ್ಟ್ರ್ ಅನ್ನುವ ಜಾಝ್ ಕ್ಲಬ್ ಶುರುವಾಯಿತು. ಅಮೆರಿಕದಲ್ಲಿ ಬಣ್ಣದ ಕಾರಣಕ್ಕೆ ಅವಮಾನ ಉಂಡ, ಕೆಲಸ ಸಿಗದೆ ಬೇಸತ್ತ ಕಪ್ಪು ಸಂಗೀತಗಾರರು ಒಬ್ಬೊಬ್ಬರಾಗಿ ಇಲ್ಲಿಗೆ ಬಂದರು. ಸ್ಯಾಕ್ಸೊಫೋನ್‌ನ ಡೆಕ್ಸ್‌ಟರ್ ಗಾರ್ಡನ್ 1962ರಿಂದ 1976ರವರೆಗೆ ಹೆಚ್ಚು ಕಾಲ ಇದ್ದದ್ದು ಇಲ್ಲೇ. ಪಿಯಾನೊದ ಕೆನಿ ಡ್ರೂ 1964ರಲ್ಲಿ ಬಂದವರು 1993ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಇದ್ದರು. ಬೆನ್ ವೆಬ್‌ಸ್ಟರ್ ಸಮಾಧಿ ಇಲ್ಲಿನ ಅಸಿಸ್ಟೆನ್ಸ್ ಸ್ಮಶಾನದಲ್ಲಿದೆ. ಊರಿನ ದಕ್ಷಿಣ ಭಾಗದ ಹೊಸ ಬಡಾವಣೆಯ ರಸ್ತೆಗಳಿಗೆ ಇವರ ಹೆಸರುಗಳನ್ನೇ ಇಟ್ಟಿದ್ದಾರೆ.

ಹೀಗೆ ಬಂದವರಲ್ಲಿ ಮೇಡಂ ಬದುಕನ್ನು ತಿರುಗಿಸಿದವರು ಪಿಯಾನೊದ ಹೊರೇಸ್ ಪಾರ್ಲನ್. 1931ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಬಲಗೈಯ ಬೆರಳುಗಳು ಸರಿಯಾಗಿ ಆಡುತ್ತಿರಲಿಲ್ಲ. ಹಾಗಿದ್ದೂ ಜಾಝ್‌ನ ಹೆಸರಾಂತ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ತಂಡದಲ್ಲಿ ನುಡಿಸಿದರು. 1973ರಲ್ಲಿ ಡೆನ್ಮಾರ್ಕ್‌ಗೆ ಬಂದು ಇಲ್ಲೇ ಉಳಿದರು, 2017ರಲ್ಲಿ ಇಲ್ಲೇ ತೀರಿಕೊಂಡರು. ಬಲಗೈ ಮಾಡಬೇಕಾದ ಕೆಲಸವನ್ನೂ ಎಡಗೈಗೆ ಕಲಿಸಿದ ಮನುಷ್ಯ. ಬಲಗೈಯಲ್ಲಿ ಆಡುವ ಬೆರಳುಗಳಿಂದ ಎರಡೋ ಮೂರೋ ಸ್ವರ ಇಟ್ಟು ಎಡಗೈಯ ಜೊತೆ ಹೆಣೆಯುತ್ತಿದ್ದರು. ಮೇಡಂ ವಿದ್ಯಾರ್ಥಿಯಾಗಿದ್ದಾಗ ಅವರು ನುಡಿಸುವ ಕಡೆಯೆಲ್ಲ ಹೋಗಿ, ಕೈ ಕಾಣುವ ಜಾಗ ಹಿಡಿದು ಕೂರುತ್ತಿದ್ದರಂತೆ.

ಈಗ ಹೇಳಿ. ಆ ಎಡಗೈಯಲ್ಲಿ ಕೇಳುವುದು ಕೊರಿಯಾನಾ, ಪಿಟ್ಸ್‌ಬರ್ಗಾ, ಜುಟ್‌ಲ್ಯಾಂಡಾ?


ಹಳೇರೇಡಿಯೊ ಬರೆದದ್ದು:

ಬಹಳ ಚೆನ್ನಾಗಿ ಬರೆದಿದ್ದೀರಿ ಮಂದ್ರಸ್ಥಾಯಿ ಅವರೇ. ಆದರೆ ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ.

ಸಂಗೀತ ರಕ್ತದಲ್ಲೇ ಬರಬೇಕು ಅನ್ನುವುದು ನಮ್ಮ ಹಿರಿಯರು ಸುಮ್ನೆ ಹೇಳಿದ ಮಾತಲ್ಲ. ಸಂಗೀತಗಾರರ ಮನೆತನಗಳನ್ನೇ ನೋಡಿ. ತಾತ, ಅಪ್ಪ, ಮೊಮ್ಮಗ, ಮೂರು ತಲೆಮಾರಿಗೂ ಅದೇ ಗಮಕ, ಅದೇ ಕೈಗುಣ. ಎರಡು ವರ್ಷ ತುಂಬುವ ಮೊದಲೇ ಬಂದ ಮಗು ಅಂದ ಮಾತ್ರಕ್ಕೆ ಏನನ್ನೂ ತರಲಿಲ್ಲ ಅನ್ನಲು ಆಗುತ್ತಾ? ಹೆತ್ತವಳ ಜೋಗುಳ ಕೇಳಿರುತ್ತದೆ. ಹೊಟ್ಟೆಯಲ್ಲಿದ್ದಾಗಲೇ ಕೇಳಿರುತ್ತದೆ. ಆ ಶ್ರೋತೃಗಳಿಗೆ ಏನೋ ಕೇಳಿಸಿದೆ ಅಂದರೆ ಅದು ಬರೀ ಭ್ರಮೆ ಅಂತ ತಳ್ಳಿಹಾಕಬೇಡಿ.

ನಾನು ಯಾರನ್ನೂ ಕಡಿಮೆ ಮಾಡಲು ಹೇಳುತ್ತಿಲ್ಲ. ಹುಟ್ಟಿದ ನೆಲದ ಋಣ ದೊಡ್ಡದು ಅಂತ ನಂಬಿದವನು ನಾನು.


ಶ್ರುತಿಪೆಟ್ಟಿಗೆ ಬರೆದದ್ದು:

ನನಗೆ ಆ ಎಡಗೈ ವಿಷಯ ಬೇಕು. ಏನು ನುಡಿಸುತ್ತಾರೆ ಅದರಲ್ಲಿ? ಕರ್ನಾಟಕ ಸಂಗೀತದ ಕಿವಿಗೆ ಅರ್ಥ ಆಗುವ ಹಾಗೆ ಹೇಳಿ. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು ಅನ್ನುವಷ್ಟೇ ನಮಗೆ ಗೊತ್ತು.


ಮಂದ್ರಸ್ಥಾಯಿ ಬರೆದದ್ದು:

ಶ್ರುತಿಪೆಟ್ಟಿಗೆ ಅವರೇ, ಖಂಡಿತ. ಇದು ನನಗೆ ಮೊದಲ ಪಾಠಗಳಲ್ಲೇ ಹೇಳಿಕೊಟ್ಟದ್ದು.

ಜಾಝ್‌ನಲ್ಲಿ ಮೂರು ಕಾರ್ಡುಗಳ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ. ಸಿ ಶ್ರುತಿಯಲ್ಲಾದರೆ ಡಿ ಮೈನರ್ ಸೆವೆಂತ್, ಜಿ ಸೆವೆಂತ್, ಸಿ ಮೇಜರ್ ಸೆವೆಂತ್. ಒಂದೊಂದರಲ್ಲೂ ನಾಲ್ಕು ಸ್ವರ. ಮೇಡಂ ಎಡಗೈಯಲ್ಲಿ ನಾಲ್ಕನ್ನೂ ಒತ್ತಲು ಬಿಡುವುದಿಲ್ಲ. ಮೂಲ ಸ್ವರವನ್ನು ಬಾಸ್ ನುಡಿಸುವವರಿಗೆ ಬಿಡಬೇಕು. ಅದರಿಂದ ಮೆಟ್ಟಿಲು ಎಣಿಸಿದರೆ ಐದನೆಯ ಸ್ವರ ಇಲ್ಲದಿದ್ದರೂ ನಡೆಯುತ್ತದೆ. ಉಳಿಯುವುದು ಮೂರನೆಯದು ಮತ್ತು ಏಳನೆಯದು. ಕಾರ್ಡಿನ ಗುಣ ಇರುವುದು ಆ ಎರಡರಲ್ಲೇ.

ಡಿ ಮೈನರ್‌ನಲ್ಲಿ ಆ ಎರಡು ಸ್ವರ ಎಫ್ ಮತ್ತು ಸಿ. ಜಿ ಕಾರ್ಡಿಗೆ ಹೋಗುವಾಗ ಎಫ್ ಇದ್ದಲ್ಲೇ ಇರುತ್ತದೆ, ಸಿ ಮಾತ್ರ ಅರ್ಧ ಸ್ಥಾನ ಇಳಿದು ಬಿ ಆಗುತ್ತದೆ. ಅಲ್ಲಿಂದ ಕೊನೆಯ ಕಾರ್ಡಿಗೆ ಹೋಗುವಾಗ ಬಿ ಇದ್ದಲ್ಲೇ ಇರುತ್ತದೆ, ಎಫ್ ಅರ್ಧ ಸ್ಥಾನ ಇಳಿದು ಇ ಆಗುತ್ತದೆ. ಅಷ್ಟೇ. ಒಂದು ಸಲಕ್ಕೆ ಒಂದೇ ಬೆರಳು, ಒಂದೇ ಮೆಟ್ಟಿಲು. ಆ ಇಳಿತವನ್ನು ಮೇಡಂ ಸ್ವಲ್ಪ ತಡ ಮಾಡುತ್ತಾರೆ. ತಾಳದ ಹೊಡೆತ ಬಿದ್ದ ಮೇಲೆ, ಅದರ ಬೆನ್ನಿಗೇ ಇಳಿಸುತ್ತಾರೆ. ಕೇಳುವವರ ಎದೆ ಒಂದು ಕ್ಷಣ ಜಗ್ಗಿದ ಹಾಗಾಗುತ್ತದೆ.

ಜನ ಪೂರ್ವದೇಶದ ದುಃಖ ಅಂತ ಹೇಳುವುದು ಇದನ್ನೇ. ಈ ಅರ್ಧ ಸ್ಥಾನದ ಇಳಿತ ಜಾಝ್ ಪಿಯಾನೊ ಕಲಿತ ಪ್ರತಿಯೊಬ್ಬರ ಕೈಯಲ್ಲೂ ಇದೆ. ತಡ ಮಾಡಿ ಇಳಿಸುವುದನ್ನು ಅವರು ಕಲಿತದ್ದು ಪಾರ್ಲನ್ ಮುಂದೆ ಕೂತು. ಹೊಂಬಣ್ಣದ ಕೂದಲಿನ ಡೇನಿಶ್ ಹುಡುಗಿ ಹೀಗೆ ನುಡಿಸಿದರೆ ಒಳ್ಳೆಯ ತಾಲೀಮು ಅನ್ನುತ್ತಾರೆ. ಇವರು ನುಡಿಸಿದರೆ ರಕ್ತ ಅನ್ನುತ್ತಾರೆ. ನನಗೆ ನೋವಾಗುವುದು ಅಲ್ಲೇ. ದಿನಕ್ಕೆ ಐದಾರು ಗಂಟೆ ಕೂತು ಕಲಿತದ್ದರ ಲೆಕ್ಕವೇ ಇಲ್ಲದಂತೆ ಆಗುತ್ತದೆ.


ಕಿವಿಗೊಟ್ಟವಳು ಬರೆದದ್ದು:

ಹಳೇರೇಡಿಯೊ ಸರ್ ಎತ್ತಿದ ಪ್ರಶ್ನೆ ದೊಡ್ಡದು. ಭಾಷೆಯ ವಿಷಯದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ, ಅದೂ ಹೀಗೆ ದತ್ತು ಹೋದವರ ಮೇಲೆಯೇ. ನಾನು ಭಾಷಾವಿಜ್ಞಾನ ಓದಿದವಳು, ಹಾಗಾಗಿ ಹೇಳುತ್ತೇನೆ.

2003ರಲ್ಲಿ ಫ್ರಾನ್ಸ್‌ನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮೂರರಿಂದ ಎಂಟು ವರ್ಷದೊಳಗೆ ಕೊರಿಯಾದಿಂದ ದತ್ತು ಬಂದು, ಈಗ ದೊಡ್ಡವರಾಗಿ ಫ್ರೆಂಚ್ ಮಾತ್ರ ಆಡುವವರು. ಅವರಿಗೆ ಕೊರಿಯನ್ ವಾಕ್ಯ ಕೇಳಿಸಿ ಮಿದುಳನ್ನು ಸ್ಕ್ಯಾನ್ ಮಾಡಿದರು. ಎಂದೂ ಕೊರಿಯನ್ ಕೇಳದ ಫ್ರೆಂಚರಿಗೂ ಅವರಿಗೂ ವ್ಯತ್ಯಾಸ ಕಾಣಲಿಲ್ಲ. ವರ್ಷಗಟ್ಟಲೆ ಆಡಿದ ಭಾಷೆಯೇ ಅಳಿಸಿಹೋದಂತೆ ಇತ್ತು. ರಕ್ತ ಏನನ್ನೂ ಕಾಪಾಡಿರಲಿಲ್ಲ.

ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. 2014ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಇನ್ನೊಂದು ನಡೆಯಿತು. ಚೀನಾದಿಂದ ಎಳೆಗೂಸಾಗಿ ಬಂದು ಫ್ರೆಂಚ್ ಮನೆಗಳಲ್ಲಿ ಬೆಳೆದ ಹುಡುಗಿಯರು. ಚೀನೀ ಭಾಷೆಯ ಒಂದು ಪದವೂ ಬಾರದು. ಆದರೂ ಆ ಭಾಷೆಯ ಸ್ವರದ ಏರಿಳಿತ ಕೇಳಿಸಿದಾಗ, ಚೀನೀ ಆಡುವವರ ಮಿದುಳು ಎಲ್ಲಿ ಕೆಲಸ ಮಾಡುತ್ತದೋ ಇವರದ್ದೂ ಅಲ್ಲೇ ಕೆಲಸ ಮಾಡಿತು.

2017ರದ್ದು ನನಗೆ ಬಹಳ ಇಷ್ಟ. ಕೊರಿಯಾದಿಂದ ನೆದರ್‌ಲ್ಯಾಂಡ್ಸ್‌ಗೆ ದತ್ತು ಬಂದವರು. ಕೊರಿಯನ್‌ನಲ್ಲಿ ಕ, ತ, ಪ ಥರದ ಧ್ವನಿಗಳಲ್ಲಿ ಮೂರು ಬಗೆ ಇವೆ. ಒಂದು ಸಾಮಾನ್ಯ, ಒಂದು ಬಿಗಿ ಹಿಡಿದು ಹೇಳುವುದು, ಒಂದು ನಮ್ಮ ಮಹಾಪ್ರಾಣದ ಹಾಗೆ ಉಸಿರು ಬಿಟ್ಟು ಹೇಳುವುದು. ಡಚ್ ಕಿವಿಗೆ ಇವನ್ನು ಬಿಡಿಸಿ ಕೇಳುವುದೇ ಕಷ್ಟ. ದತ್ತು ಬಂದವರಿಗೂ ಮೊದಲಿಗೆ ಕಷ್ಟವೇ ಆಯಿತು. ಆದರೆ ತರಬೇತಿ ಕೊಟ್ಟಾಗ ಅವರ ಉಚ್ಚಾರಣೆ ಡಚ್ಚರಿಗಿಂತ ಬೇಗ ಸುಧಾರಿಸಿತು. ಆರು ತಿಂಗಳೊಳಗೆ ಕೊರಿಯಾ ಬಿಟ್ಟವರಲ್ಲೂ ಇದು ಕಂಡಿತು.

ಇಲ್ಲಿ ಗಮನಿಸಬೇಕಾದ್ದು, ಉಳಿದದ್ದು ಕಿವಿಗೆ ಬಿದ್ದದ್ದು. ಡಚ್ ಮಗುವೊಂದು ಸೋಲ್‌ನಲ್ಲಿ ಹುಟ್ಟಿ ಮೊದಲ ತಿಂಗಳುಗಳನ್ನು ಅಲ್ಲೇ ಕಳೆದಿದ್ದರೆ ಅದಕ್ಕೂ ಉಳಿಯುತ್ತಿತ್ತು. ಇದು ವಂಶದ ಮಾತಲ್ಲ. ಸರ್, ನಿಮ್ಮ ಜೋಗುಳದ ಮಾತು ಸರಿ ಇರಬಹುದು, ರಕ್ತದ ಮಾತು ನಿಲ್ಲುವುದಿಲ್ಲ. ಸಂಗೀತಗಾರರ ಮನೆ ಮಗು ತೊಟ್ಟಿಲಲ್ಲಿದ್ದಾಗಲಿಂದ ತಂಬೂರಿ ಕೇಳುತ್ತದೆ, ಅಲ್ವಾ?

ಮತ್ತೆ, ಕಿವಿಯಲ್ಲಿ ಉಳಿದದ್ದು ತಾನಾಗಿಯೇ ಕೈಗೆ ಬರಲಿಲ್ಲ ಅನ್ನುವುದೂ ಮುಖ್ಯ. ತರಬೇತಿ ಕೊಟ್ಟ ಮೇಲೆ ಮಾತ್ರ ಅದು ಮೇಲೆದ್ದು ಬಂತು.


ಹಳೇರೇಡಿಯೊ ಬರೆದದ್ದು:

ತಂಗಿ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ರಕ್ತ ಅನ್ನುವ ಮಾತನ್ನು ಸ್ವಲ್ಪ ಪಕ್ಕಕ್ಕಿಡುತ್ತೇನೆ. ಋಣದ ಮಾತನ್ನು ಬಿಡುವುದಿಲ್ಲ. ಹೆತ್ತವಳು ಎಲ್ಲೋ ಇದ್ದಾಳಲ್ಲ. ಮಗಳು ಅವಳನ್ನು ಹುಡುಕಿದರಾ?


ಕಡತದಾಳ ಬರೆದದ್ದು:

ಹುಡುಕಿದರಾ ಅನ್ನುವ ಮೊದಲು, ಹುಡುಕಲು ಯಾಕೆ ಇಷ್ಟು ಕಷ್ಟ ಅಂತ ತಿಳಿಯಬೇಕು. ಈ ವಿಷಯವನ್ನು ನಾನು ಕೆಲವು ವರ್ಷಗಳಿಂದ ಹಿಂಬಾಲಿಸುತ್ತಿದ್ದೇನೆ. ಓದಿದಷ್ಟೂ ಹೊಟ್ಟೆ ಉರಿಯುತ್ತದೆ.

ಕೊರಿಯಾ ಯುದ್ಧ ಮುಗಿದದ್ದು 1953ರಲ್ಲಿ. ಆಗ ಶುರುವಾದ ದತ್ತು ಕಳಿಸುವ ಕೆಲಸ ಯುದ್ಧದ ಅನಾಥರು ಮುಗಿದ ಮೇಲೂ ನಿಲ್ಲಲಿಲ್ಲ. ಬಡವರ ಮಕ್ಕಳು, ಆಮೇಲೆ ಮದುವೆಯಾಗದ ತಾಯಂದಿರ ಮಕ್ಕಳು. ಒಟ್ಟು ಸುಮಾರು 2 ಲಕ್ಷ ಮಕ್ಕಳು ಹೊರದೇಶಕ್ಕೆ ಹೋದರು. ಹೆಚ್ಚಿನವರು ಅಮೆರಿಕಕ್ಕೆ, ಸುಮಾರು 9,000 ಮಂದಿ ಡೆನ್ಮಾರ್ಕ್‌ಗೆ. ಅತಿ ಜಾಸ್ತಿ ಹೋದದ್ದು 1980ರ ದಶಕದ ನಡುವೆ. 1985 ಒಂದರಲ್ಲೇ 8,800ಕ್ಕೂ ಹೆಚ್ಚು. ಆ ಹೊತ್ತಿಗೆ ದೇಶ ಶ್ರೀಮಂತವಾಗುತ್ತಿತ್ತು. 1988ರ ಸೋಲ್ ಒಲಿಂಪಿಕ್ಸ್ ಹೊತ್ತಿಗೆ ಹೊರದೇಶದ ಪತ್ರಿಕೆಗಳು ಟೀಕೆ ಮಾಡಿದ ಮೇಲೆ ಸಂಖ್ಯೆ ಇಳಿಯತೊಡಗಿತು.

ಅಪ್ಪ ಅಮ್ಮ ಬದುಕಿದ್ದರೂ ಮಗುವಿಗೆ ಅನಾಥ ಅಂತ ಹೊಸ ಕುಟುಂಬ ನೋಂದಣಿ ಮಾಡಿಸುತ್ತಿದ್ದರು. ಅದರಲ್ಲಿ ಮಗುವಿನ ಹೆಸರು ಒಂದೇ ಇರುತ್ತಿತ್ತು. ಹಾಗೆ ಮಾಡಿದರೆ ಕಳಿಸುವುದು ಸುಲಭ, ಬೇಗ. ಕಳಿಸಬೇಕಿದ್ದ ಮಗು ತೀರಿಕೊಂಡರೆ ಅಥವಾ ಮನೆಯವರು ವಾಪಸ್ ಕರೆದುಕೊಂಡು ಹೋದರೆ, ಅದೇ ಕಾಗದದ ಮೇಲೆ ಬೇರೆ ಮಗುವನ್ನು ಕಳಿಸಿದ್ದೂ ಉಂಟು. ಒಂದೊಂದು ಮಗುವಿಗೂ ಹೊರದೇಶದಿಂದ ಹಣ ಬರುತ್ತಿತ್ತು.

1998ರಲ್ಲಿ ಅಧ್ಯಕ್ಷ ಕಿಮ್ ಡೇ-ಜಂಗ್ ದತ್ತು ಹೋದವರನ್ನು ಕರೆಸಿ ಕ್ಷಮೆ ಕೇಳಿದರು. ಆದರೆ ತನಿಖೆ ಆಗಲಿಲ್ಲ. ಅದು ಆದದ್ದು ಡೆನ್ಮಾರ್ಕ್‌ನಲ್ಲಿ ಬೆಳೆದ ಕೊರಿಯನ್ನರಿಂದ. 2022ರಲ್ಲಿ ಅವರ ಗುಂಪು ಸೋಲ್‌ಗೆ ಹೋಗಿ ಸತ್ಯ ಮತ್ತು ಸಂಧಾನ ಆಯೋಗಕ್ಕೆ ಅರ್ಜಿ ಕೊಟ್ಟಿತು. ಬೇರೆ ದೇಶದವರೂ ಸೇರಿ 367 ಮಂದಿ ಆದರು. 2024ರ ಜನವರಿಯಲ್ಲಿ ಡೆನ್ಮಾರ್ಕ್ ಸರ್ಕಾರದ ಮೇಲ್ಮನವಿ ಮಂಡಳಿಯೇ ಒಂದು ವರದಿ ಕೊಟ್ಟಿತು. ಮಕ್ಕಳ ಗುರುತು ಬದಲಿಸುವುದು ಇಲ್ಲಿನ ಸಂಸ್ಥೆಗಳಿಗೂ ಗೊತ್ತಿತ್ತು ಅಂತ ಅದರಲ್ಲಿದೆ. 2025ರ ಮಾರ್ಚ್‌ನಲ್ಲಿ ಕೊರಿಯಾದ ಆಯೋಗ ಮೊದಲ 56 ಮಂದಿಗೆ ಅನ್ಯಾಯ ಆಗಿದೆ ಅಂತ ಒಪ್ಪಿತು. ಅದೇ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಲೀ ಜೇ-ಮ್ಯುಂಗ್ ದೇಶದ ಪರವಾಗಿ ಕ್ಷಮೆ ಕೇಳಿದರು.

ಆಗಲೂ ನೂರಾರು ಅರ್ಜಿಗಳು ಹಾಗೇ ಉಳಿದಿದ್ದವು. ಅರ್ಜಿ ಹಾಕಿದವರಲ್ಲಿ ಹಲವರಿಗೆ ಐವತ್ತು ದಾಟಿದೆ. ಅವರ ತಾಯಂದಿರಿಗೆ ಎಷ್ಟಾಗಿರಬಹುದು ಯೋಚಿಸಿ.


ಮಂದ್ರಸ್ಥಾಯಿ ಬರೆದದ್ದು:

ಕಡತದಾಳ ಅವರೇ, ಇದನ್ನು ನಾನು ಇಷ್ಟು ಚೆನ್ನಾಗಿ ಹೇಳಲಾಗುತ್ತಿರಲಿಲ್ಲ. ಧನ್ಯವಾದ.

ಹಳೇರೇಡಿಯೊ ಸರ್, ಹೌದು, ಹುಡುಕಿದರು. ಇಲ್ಲಿ ಅವರಿಗೆ ಕೊಟ್ಟಿದ್ದ ಕಾಗದದಲ್ಲಿ ಅನಾಥೆ, ತಂದೆ ತಾಯಿ ಗೊತ್ತಿಲ್ಲ ಅಂತ ಇತ್ತು. ನಲವತ್ತು ದಾಟಿದ ಮೇಲೆ ಸೋಲ್‌ಗೆ ಹೋಗಿ ಮೂಲ ಕಡತ ಕೇಳಿದರು. ಮೊದಲು ಇಲ್ಲ ಅಂದರು, ಆಮೇಲೆ ಒಂದು ಹಾಳೆ ಸಿಕ್ಕಿತು. ಅದರಲ್ಲಿ ತಾಯಿಯ ವಯಸ್ಸು ಬರೆದಿತ್ತು. ಒಬ್ಬ ಅಕ್ಕ ಇದ್ದಾಳೆ ಅಂತಲೂ ಬರೆದಿತ್ತು. ಹೆಸರುಗಳ ಮೇಲೆ ಕಪ್ಪು ಪಟ್ಟಿ ಎಳೆದಿದ್ದರು. ಆ ಹಾಳೆಯ ಫೋಟೊವನ್ನು ನಾನು ನೋಡಿದ್ದೇನೆ. ಅಕ್ಕ ಅನ್ನುವ ಪದ ಇರುವ ಜಾಗಕ್ಕೆ ಮೇಡಂ ಪೆನ್ಸಿಲಿನಲ್ಲಿ ಸಣ್ಣ ಗೆರೆ ಹಾಕಿದ್ದಾರೆ.

ಇಲ್ಲಿನ ಅಪ್ಪ ಅಮ್ಮನ ಮೇಲೆ ಅವರಿಗೆ ಸಿಟ್ಟಿಲ್ಲ. 2024ರ ವರದಿ ಬಂದಾಗ ಅಪ್ಪ ಇಡೀ ವರದಿಯನ್ನು ಓದಿದರಂತೆ. ಅಮ್ಮನಿಗೆ ಓದಲು ಆಗಲಿಲ್ಲ. ನಮಗೆ ಸುಳ್ಳು ಹೇಳಿದರು ಅಂತ ಇಬ್ಬರೂ ಕೊರಗಿದರು. ಮೋಸ ಆದದ್ದು ಎರಡೂ ಕಡೆಯ ತಾಯಂದಿರಿಗೆ ಅಂತ ಮೇಡಂ ಹೇಳುತ್ತಾರೆ. ಅವರ ಸಿಟ್ಟು ಕಾಗದ ತಿದ್ದಿದವರ ಮೇಲೆ, ಹಣಕ್ಕಾಗಿ ಕಣ್ಣು ಮುಚ್ಚಿಕೊಂಡವರ ಮೇಲೆ. ಆ ಸಿಟ್ಟು ಸಣ್ಣದಲ್ಲ.

ಈ ವಿಷಯ ಪತ್ರಿಕೆಗಳಲ್ಲಿ ಬರತೊಡಗಿದ ಮೇಲೆ ಅವರ ವೃತ್ತಿಯಲ್ಲಿ ಒಂದು ವಿಚಿತ್ರ ಆಯಿತು. ಆಹ್ವಾನ ಜಾಸ್ತಿ ಬಂದವು. ಬಂದವರೆಲ್ಲ ಬೇರುಗಳ ಹುಡುಕಾಟ ಅನ್ನುವ ಥರದ ಕಾರ್ಯಕ್ರಮ ಕೇಳುವವರು. ಕೊರಿಯಾದ ಜನಪದ ರಾಗ ಒಂದನ್ನು ಪಿಯಾನೊದಲ್ಲಿ ನುಡಿಸಿ, ನಡುವೆ ದತ್ತು ಕಥೆ ಹೇಳಿ ಅಂದರು. ಸಂಭಾವನೆಯೂ ಚೆನ್ನಾಗಿತ್ತು. ಮೇಡಂ ಒಪ್ಪಲಿಲ್ಲ. ನ್ಯಾಯ ಕೇಳುವ ಸಭೆಗೆ ಕರೆದರೆ ಹೋಗುತ್ತಾರೆ, ಮಾತಾಡುತ್ತಾರೆ. ಕಛೇರಿಯಲ್ಲಿ ನುಡಿಸುತ್ತಾರೆ. ಎರಡನ್ನೂ ಕಲಸಲು ಬಿಡುವುದಿಲ್ಲ. ಅವರ ನಿಲುವು ನನಗೆ ಪೂರ್ತಿ ಒಪ್ಪಿಗೆ. ತಾಯಿಯನ್ನು ಕಳೆದುಕೊಂಡದ್ದನ್ನು ಟಿಕೆಟ್ ಮಾರಲು ಬಳಸಬಾರದು.

ಆದರೆ ಕೊರಿಯಾದ ಸಂಗೀತದಿಂದ ದೂರ ಓಡಿಹೋದರು ಅಂತ ತಿಳಿಯಬೇಡಿ. ಸೋಲ್‌ನಲ್ಲಿದ್ದಾಗ ಜಾಂಗ್ಗು ಕಲಿಯಲು ಸೇರಿದರು. ನಡು ಸಣ್ಣಗಿರುವ, ಎರಡು ಮುಖದ ಚರ್ಮವಾದ್ಯ ಅದು. ಅಲ್ಲಿ ತಾಳದ ಚಕ್ರಗಳಿಗೆ ಜಾಂಗ್‌ದಾನ್ ಅನ್ನುತ್ತಾರೆ. ಗುತ್‌ಗೊರಿ ಅನ್ನುವ ಒಂದು ಚಕ್ರದಲ್ಲಿ ನಾಲ್ಕು ಹೊಡೆತ, ಒಂದೊಂದೂ ನಮ್ಮ ತಿಶ್ರ ನಡೆಯ ಹಾಗೆ ಮೂರಾಗಿ ಒಡೆಯುತ್ತದೆ. ಜಾಝ್‌ನ ಹನ್ನೆರಡು ಎಂಟರ (12/8) ನಡೆಗೂ ಇದಕ್ಕೂ ಲೆಕ್ಕ ಒಂದೇ. ತೂಕ ಬೀಳುವ ಜಾಗ ಮಾತ್ರ ಬೇರೆ. ಮೇಡಂ ಕೈ ಮತ್ತೆ ಮತ್ತೆ ಜಾಝ್‌ನ ಜಾಗಕ್ಕೇ ಹೋಗುತ್ತಿತ್ತಂತೆ. ಗುರುಗಳು ಎಲ್ಲ ವಿದೇಶಿ ವಿದ್ಯಾರ್ಥಿಗಳನ್ನು ತಿದ್ದಿದ ಹಾಗೆಯೇ ತಿದ್ದಿದರು. ನಿಮಗೆ ಇದು ಸಹಜವಾಗಿ ಬರಬೇಕಿತ್ತಲ್ಲ ಅಂತ ಒಂದು ದಿನವೂ ಅನ್ನಲಿಲ್ಲ. ಅದಕ್ಕೆ ಆ ಗುರುಗಳ ಮೇಲೆ ಮೇಡಂಗೆ ಬಹಳ ಗೌರವ.

ಈಗ ಅವರ ಟ್ರಿಯೊದ ಒಂದು ರಚನೆಯಲ್ಲಿ ಡ್ರಮ್ಸ್ ಆ ಚಕ್ರವನ್ನೇ ಹಿಡಿಯುತ್ತದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅವರೂ ಹೇಳುವುದಿಲ್ಲ. ಅದರಲ್ಲಿ ಪೂರ್ವದೇಶ ಕೇಳಿಸಿತು ಅಂತ ಈವರೆಗೆ ಯಾರೂ ಬಂದು ಹೇಳಿಲ್ಲ.


ಮಗಳಪ್ಪ ಬರೆದದ್ದು:

ಇಲ್ಲಿ ಬರೆಯುವುದು ಇದೇ ಮೊದಲು. ಎಲ್ಲವನ್ನೂ ಓದಿದೆ.

ನಾವು ಗಂಡ ಹೆಂಡತಿ ಮಗಳನ್ನು ದತ್ತು ತೆಗೆದುಕೊಂಡಿದ್ದೇವೆ. ಅವಳಿಗೆ ಗೊತ್ತು, ಮುಚ್ಚಿಟ್ಟಿಲ್ಲ. ಕೀಬೋರ್ಡ್ ಕಲಿಯುತ್ತಿದ್ದಾಳೆ, ಚೆನ್ನಾಗಿ ನುಡಿಸುತ್ತಾಳೆ. ಮನೆಗೆ ಬಂದವರು ಅವಳ ಎದುರಿಗೇ ಅನ್ನುತ್ತಾರೆ, ಹೆತ್ತವರಲ್ಲಿ ಯಾರೋ ಕಲಾವಿದರು ಇದ್ದಿರಬೇಕು ಅಂತ. ಅವಳ ಮುಖ ಸಪ್ಪಗಾಗುತ್ತದೆ. ನನಗೆ ಏನು ಹೇಳಬೇಕು ಗೊತ್ತಾಗುವುದಿಲ್ಲ. ಹೌದು ಅಂದರೆ ಅವಳು ಕಲಿತದ್ದನ್ನು ಕಿತ್ತುಕೊಂಡ ಹಾಗೆ. ಇಲ್ಲ ಅಂದರೆ ಆ ತಾಯಿಯನ್ನೇ ಇಲ್ಲ ಅಂದ ಹಾಗೆ. ನಿಮ್ಮ ಮೇಡಂ ಇದ್ದರೆ ಏನನ್ನುತ್ತಿದ್ದರು? ಒಮ್ಮೆ ಕೇಳಿ ಹೇಳುತ್ತೀರಾ?


ಶ್ರುತಿಪೆಟ್ಟಿಗೆ ಬರೆದದ್ದು:

ಅಪ್ಪಾಜಿ, ಹೀಗೆ ಯೋಚಿಸುವ ನೀವು ಆ ಮಗುವಿಗೆ ಸಿಕ್ಕಿದ್ದೇ ದೊಡ್ಡದು.

ಮಂದ್ರಸ್ಥಾಯಿ ಅವರೇ, ನನ್ನದೂ ಒಂದು ಪ್ರಶ್ನೆ. ಜಾಝ್ ನುಡಿಸಿ ಅಲ್ಲಿ ಜೀವನ ನಡೆಯುತ್ತದಾ? ಮತ್ತೆ ಪಾರ್ಲನ್ ಅವರನ್ನು ಕೇಳಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?


ಮಂದ್ರಸ್ಥಾಯಿ ಬರೆದದ್ದು:

ಮಗಳಪ್ಪ ಅವರೇ, ನಿಮ್ಮ ಮಾತನ್ನು ಹಾಗೇ ಅನುವಾದಿಸಿ ಮೇಡಂಗೆ ಓದಿ ಹೇಳಿದೆ. ತುಂಬಾ ಹೊತ್ತು ಮಾತಾಡಿದರು.

ಚಿಕ್ಕಂದಿನಲ್ಲಿ ಅವರಿಗೂ ಇದೇ ಮಾತು ಕೇಳಿಬರುತ್ತಿತ್ತಂತೆ. ಆಗ ಅಮ್ಮ ಉತ್ತರ ಕೊಡುತ್ತಿರಲಿಲ್ಲ. ಮಗಳ ಕಡೆ ತಿರುಗಿ, ಆ ಹಾಡಿನ ಎರಡನೇ ಸಾಲು ಕಷ್ಟ ಇತ್ತಲ್ಲ, ಹೇಗೆ ಸರಿ ಮಾಡಿಕೊಂಡೆ ಹೇಳು ಅಂತ ಕೇಳುತ್ತಿದ್ದರು. ಬಂದವರ ಮುಂದೆ ಮಗು ತಾನು ಪಟ್ಟ ಪಾಡನ್ನು ತಾನೇ ಹೇಳುತ್ತಿತ್ತು. ಹೆತ್ತ ತಾಯಿಯ ಮಾತು ಬೇರೆ ಹೊತ್ತಿನಲ್ಲಿ, ಮನೆಯವರಷ್ಟೇ ಇದ್ದಾಗ ಆಡುತ್ತಿದ್ದರು. ಮಗಳ ಹುಟ್ಟುಹಬ್ಬದ ದಿನ ಆ ತಾಯಿಯನ್ನೂ ನೆನೆಯುತ್ತಿದ್ದರಂತೆ. ನಿಮ್ಮ ಮಗಳಿಗೆ ಯಾವುದು ಹಿತವೋ ಅದನ್ನು ಅವಳನ್ನೇ ಕೇಳಿ ನಿರ್ಧರಿಸಿ ಅಂತ ಹೇಳಲು ಹೇಳಿದ್ದಾರೆ.

ಇನ್ನೊಂದನ್ನು ಒತ್ತಿ ಹೇಳಿದರು. ದತ್ತು ಕಾಗದಗಳ ಪ್ರತಿಯೊಂದು ಹಾಳೆಯ ನಕಲನ್ನೂ ಈಗಲೇ ತೆಗೆದು ಇಟ್ಟುಕೊಳ್ಳಿ. ಸಂಸ್ಥೆಯಲ್ಲಿ ಮೂಲ ಕಡತ ಎಲ್ಲಿದೆ, ಯಾರ ಸುಪರ್ದಿಯಲ್ಲಿದೆ ಅಂತ ಬರೆದುಕೊಳ್ಳಿ. ಮಗಳು ದೊಡ್ಡವಳಾಗಿ ಕೇಳುವ ಹೊತ್ತಿಗೆ ಸಂಸ್ಥೆಯೇ ಮುಚ್ಚಿರಬಹುದು. ಡೆನ್ಮಾರ್ಕ್‌ನಲ್ಲಿ ಹೊರದೇಶದ ದತ್ತು ನೋಡಿಕೊಳ್ಳುತ್ತಿದ್ದ ಕೊನೆಯ ಸಂಸ್ಥೆಯೂ 2024ರಲ್ಲಿ ಆ ಕೆಲಸ ನಿಲ್ಲಿಸುವುದಾಗಿ ಹೇಳಿತು.

ಹಳೇರೇಡಿಯೊ ಸರ್, ಹುಡುಕಾಟ ಇನ್ನೂ ನಡೆದಿದೆ. ದತ್ತು ಹೋದವರು ಡಿಎನ್‌ಎ ಮಾದರಿಯನ್ನು ಕೊರಿಯಾದ ರಾಯಭಾರ ಕಚೇರಿಗಳಲ್ಲೇ ಕೊಡುವ ವ್ಯವಸ್ಥೆ 2020ರಲ್ಲಿ ಬಂತು. ಮೇಡಂ ಕೊಟ್ಟಿದ್ದಾರೆ. ಆ ಕಡೆಯಿಂದ ಅಕ್ಕನೋ ತಾಯಿಯೋ ಕೊಟ್ಟರೆ ಮಾತ್ರ ಹೊಂದಿಕೆ ಸಿಗುತ್ತದೆ. ಈವರೆಗೆ ಸಿಕ್ಕಿಲ್ಲ.

ಶ್ರುತಿಪೆಟ್ಟಿಗೆ ಅವರೇ, ಜೀವನ ನಡೆಯುತ್ತದೆ, ಆದರೆ ಬರೀ ಕಛೇರಿಯಿಂದ ಅಲ್ಲ. ಮೇಡಂ ವಾರದಲ್ಲಿ ಕೆಲವು ದಿನ ಸಂಗೀತ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾರೆ. ಒಂದು ವೃಂದಗಾನದ ತಂಡಕ್ಕೆ ಪಿಯಾನೊ ನುಡಿಸುತ್ತಾರೆ. ಚರ್ಚುಗಳಲ್ಲಿ, ಮದುವೆಗಳಲ್ಲಿ ನುಡಿಸುತ್ತಾರೆ. ಜುಲೈ ತಿಂಗಳ ಕೋಪನ್‌ಹೇಗನ್ ಜಾಝ್ ಉತ್ಸವದ ಹತ್ತು ದಿನ ಮಾತ್ರ ಉಸಿರಾಡಲು ಪುರುಸೊತ್ತಿರುವುದಿಲ್ಲ. 1979ರಿಂದ ನಡೆಯುತ್ತಿರುವ ಉತ್ಸವ ಅದು. ಚೌಕ, ಕಾಲುವೆ ದಂಡೆ, ಕೆಫೆ, ಎಲ್ಲ ಕಡೆ ಸಂಗೀತ. ಆಗ ಒಂದೇ ದಿನ ಎರಡು ಮೂರು ಕಡೆ ನುಡಿಸುವುದೂ ಉಂಟು. ನಲವತ್ತರ ನಂತರವೇ ತಮ್ಮ ರಚನೆಗಳಿಗೆ ಸಮಯ ಸಿಕ್ಕಿದ್ದು ಅನ್ನುತ್ತಾರೆ.

ಪಾರ್ಲನ್ ಅವರನ್ನು ಕೇಳಲು, 1977ರಲ್ಲಿ ಸ್ಯಾಕ್ಸೊಫೋನ್‌ನ ಆರ್ಚಿ ಶೆಪ್ ಜೊತೆ ಕೋಪನ್‌ಹೇಗನ್‌ನಲ್ಲಿ ಮಾಡಿದ ಧ್ವನಿಮುದ್ರಣದಿಂದ ಶುರು ಮಾಡಿ. ಸ್ಟೀಪಲ್‌ಚೇಸ್ ಅನ್ನುವ ಇಲ್ಲಿನ ಕಂಪನಿ ತಂದದ್ದು. ಇಬ್ಬರೇ ಇದ್ದಾರೆ, ಬಾಸ್ ಇಲ್ಲ, ಡ್ರಮ್ಸ್ ಇಲ್ಲ. ಹಾಡುಗಳೆಲ್ಲ ಅಮೆರಿಕದ ಕಪ್ಪು ಜನರ ಭಕ್ತಿಗೀತೆಗಳು. ಮೊದಲ ಸಲ ಸ್ಯಾಕ್ಸೊಫೋನ್ ಕೇಳಿ. ಎರಡನೇ ಸಲ ಎಡಗೈಯನ್ನು ಮಾತ್ರ ಕೇಳಿ. ಇಲ್ಲಿ ಮೂಲ ಸ್ವರವನ್ನು ಬಿಟ್ಟುಕೊಡಲು ಬಾಸ್ ಇಲ್ಲವಲ್ಲ, ಅದನ್ನೂ ಆ ಕೈಯೇ ಹೊತ್ತಿದೆ. ಹೊರುತ್ತಲೇ ನಡುವೆ ಅರ್ಧ ಸ್ಥಾನ ಇಳಿಯುವುದು ನಿಮ್ಮ ಕಿವಿಗೆ ಸಲೀಸಾಗಿ ಸಿಗುತ್ತದೆ. ಕೇಳಿದ ಮೇಲೆ ಇಲ್ಲೇ ಬರೆಯಿರಿ, ಮೇಡಂಗೆ ಓದಿ ಹೇಳುತ್ತೇನೆ.